ಗೋಲ್ಡ್ ಫಿಶ್ ಪದೇ ಪದೇ ಸಾಯುತ್ತಿದ್ದರೆ ಮೊದಲು ನೀರು ನೋಡಿ

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಮಗಳ ಹುಟ್ಟುಹಬ್ಬಕ್ಕೆ ದುಂಡನೆಯ ಗಾಜಿನ ಬೌಲ್ ಮತ್ತು ಎರಡು ಗೋಲ್ಡ್ ಫಿಶ್ ತಂದಿದ್ದೆವು. ಬೌಲ್‌ನಲ್ಲಿ 8 ಲೀಟರ್ ನೀರು ಹಿಡಿಯುತ್ತದೆ. ಮೂರು ದಿನಕ್ಕೊಮ್ಮೆ ಪೂರ್ತಿ ನೀರು ಚೆಲ್ಲಿ, ಪಾತ್ರೆ ಸೋಪಿನಿಂದ ತೊಳೆದು, ಹೊಸ ನೀರು ತುಂಬುತ್ತೇವೆ. ನಲ್ಲಿ ನೀರು ಬಂದ ದಿನ ಅದು, ಇಲ್ಲದಿದ್ದರೆ ಬೋರ್ ನೀರು. ಇಷ್ಟು ಶುಚಿಯಾಗಿ ಇಟ್ಟರೂ ಮೂರು ವಾರದೊಳಗೆ ಒಂದು ಮೀನು ಸತ್ತಿತು. ಇನ್ನೊಂದು ತಂದೆವು, ಅದೂ ಹೋಯಿತು. ಈಗ ಮೊದಲಿನದು ಒಂದೇ ಉಳಿದಿದೆ. ಸುಮಾರು ಮೂರು ಇಂಚು ಉದ್ದ ಇದೆ. ಬೆಳಿಗ್ಗೆ ಮೇಲೆ ಬಂದು ಬಾಯಿ ತೆಗೆದು ಮುಚ್ಚುತ್ತಿರುತ್ತದೆ. ಕಿವಿರಿನ ಮುಚ್ಚಳದ ಮೇಲೆ, ಮುಂದಿನ ರೆಕ್ಕೆಯ ಅಂಚಿನಲ್ಲಿ ಬಿಳಿ ಚುಕ್ಕೆಗಳು ಬಂದಿವೆ. ಮೀನಿನ ಅಂಗಡಿಯವರು ನೀಲಿ ಔಷಧಿ ಕೊಟ್ಟು ದಿನಾ ನಾಲ್ಕು ಹನಿ ಹಾಕಿ, ಜೊತೆಗೆ ಒಂದು ಸಕ್ಕರ್ ಮೀನು ಬಿಡಿ, ಕಸ ತಿನ್ನುತ್ತೆ ಎಂದಿದ್ದಾರೆ. ಹಾಗೆ ಮಾಡಬಹುದಾ? ರಜೆಯಲ್ಲಿ ಐದಾರು ದಿನ ಊರಿಗೆ ಹೋಗಬೇಕು. ಆಗ ಮೀನಿಗೆ ಊಟ ಹೇಗೆ?

ಉತ್ತರ: ಮೊದಲು ಉಳಿದಿರುವ ಮೀನನ್ನು ಉಳಿಸಿಕೊಳ್ಳೋಣ. ಕಾರಣಗಳನ್ನು ಆಮೇಲೆ ಮಾತಾಡೋಣ.

ಇವತ್ತೇ 50 ಲೀಟರ್ ಹಿಡಿಯುವ ಒಂದು ಹೊಸ ಪ್ಲಾಸ್ಟಿಕ್ ಟಬ್ ತನ್ನಿ. ಬಟ್ಟೆ ನೆನೆಸಿದ ಹಳೆಯ ಟಬ್ ಬೇಡ. ಜೊತೆಗೆ ಒಂದು ಏರ್ ಪಂಪ್, ಒಂದು ಸ್ಪಂಜ್ ಫಿಲ್ಟರ್. ಅಕ್ವೇರಿಯಂ ಅಂಗಡಿಯಲ್ಲಿ ಇರುವುದರಲ್ಲೇ ಅಗ್ಗದ ಸಾಮಾನುಗಳು ಇವು. ಟಬ್‌ಗೆ ನೀರು ತುಂಬಿ, ಪಂಪ್ ಹಾಕಿ, ಒಂದು ಇಡೀ ದಿನ ಗುಳ್ಳೆ ಬರುತ್ತಿರಲಿ. ಅಲ್ಲಿಯವರೆಗೆ ಮೀನು ಬೌಲ್‌ನಲ್ಲೇ ಇರಲಿ, ಆದರೆ ಊಟ ಕೊಡಬೇಡಿ. ಒಂದು ದಿನ ಉಪವಾಸದಿಂದ ಗೋಲ್ಡ್ ಫಿಶ್‌ಗೆ ಏನೂ ಆಗುವುದಿಲ್ಲ. ಇಡೀ ಮನೆಯಲ್ಲಿ ಈಗ ಆ ಮೀನಿಗೆ ಅತಿ ಅಪಾಯದ ವಸ್ತು ಅಂದರೆ ಆಹಾರದ ಡಬ್ಬಿ.

ಮರುದಿನ ಟಬ್ ನೀರಿಗೆ 50 ಗ್ರಾಂ ಕಲ್ಲುಪ್ಪು ಕರಗಿಸಿ ಹಾಕಿ. ಲೀಟರಿಗೆ 1 ಗ್ರಾಂ ಲೆಕ್ಕ. ಕೈ ಅಂದಾಜು ಬೇಡ, ತೂಕ ಮಾಡಿ. ಮೀನನ್ನು ಬೌಲ್ ನೀರಿನ ಸಮೇತ ಒಂದು ಸಣ್ಣ ಪಾತ್ರೆಗೆ ತೆಗೆದುಕೊಂಡು, ಅರ್ಧ ಗಂಟೆಯಲ್ಲಿ ಸ್ವಲ್ಪ ಸ್ವಲ್ಪವೇ ಟಬ್ ನೀರು ಸೇರಿಸುತ್ತಾ ಬನ್ನಿ. ಆಮೇಲೆ ಮೀನನ್ನು ಮಾತ್ರ ಟಬ್‌ಗೆ ಬಿಡಿ. ಹಳೆಯ ನೀರು ಒಂದು ಲೋಟವೂ ಒಳಗೆ ಹೋಗಬಾರದು. ಮೇಲೆ ಒಂದು ಬಲೆಯನ್ನೋ ಜಾಲರಿ ಮುಚ್ಚಳವನ್ನೋ ಹಾಕಿ. ಹೊಸ ಜಾಗದಲ್ಲಿ ಗಾಬರಿಯಾದ ಮೀನು ಹಾರಿ ಹೊರಗೆ ಬೀಳುವುದುಂಟು.

ಈಗ ಕಾರಣಕ್ಕೆ ಬರೋಣ. ನೀವು ಶುಚಿಯಲ್ಲಿ ಏನೂ ಕಮ್ಮಿ ಮಾಡಿಲ್ಲ. ಮೂರು ದಿನಕ್ಕೊಮ್ಮೆ ಅಷ್ಟು ಶ್ರಮ ಪಟ್ಟಿದ್ದೀರಿ. ತೊಂದರೆ ಏನೆಂದರೆ, ಆ ಶುಚಿತ್ವ ನಮ್ಮ ಕಣ್ಣಿಗೆ ಕಾಣುವ ಕೊಳೆಯನ್ನು ತೆಗೆಯುತ್ತದೆ. ಮೀನನ್ನು ಕೊಲ್ಲುವುದು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಬಣ್ಣವೂ ಇಲ್ಲ. ಅದರ ಹೆಸರು ಅಮೋನಿಯಾ.

ಗೋಲ್ಡ್ ಫಿಶ್ ಕಾರ್ಪ್ ಜಾತಿಯ ಮೀನು. ನಮ್ಮ ಕಟ್ಲಾ, ರೋಹು ಇವುಗಳ ಬಳಗದ್ದೇ. ಚೀನಾದಲ್ಲಿ ಸಾವಿರ ವರ್ಷಕ್ಕೂ ಹಿಂದೆ ಕೊಳಗಳಲ್ಲಿ ಸಾಕಿ, ಬಣ್ಣ ಬಂದವನ್ನು ಆರಿಸಿ ಆರಿಸಿ ಬೆಳೆಸಿದ್ದರಿಂದ ಇವತ್ತಿನ ಕೆಂಪು, ಕಿತ್ತಳೆ ಮೀನುಗಳಾಗಿವೆ. ಈ ಜಾತಿಗೆ ಜಠರವೇ ಇಲ್ಲ. ತಿಂದದ್ದು ನೇರ ಕರುಳಿಗೆ ಹೋಗಿ ಬೇಗ ಹೊರಗೆ ಬರುತ್ತದೆ. ದಿನವಿಡೀ ಮೇಯುತ್ತಲೇ ಇರುವ ಸ್ವಭಾವ. ಹಾಗಾಗಿ ಅಷ್ಟೇ ಗಾತ್ರದ ಬೇರೆ ಮೀನುಗಳಿಗಿಂತ ಕಸ ಜಾಸ್ತಿ. ಆ ಕಸ ಕೊಳೆತಾಗ ಅಮೋನಿಯಾ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಮೀನು ಉಸಿರಾಡುವಾಗಲೇ ಕಿವಿರಿನ ಮೂಲಕ ಅಮೋನಿಯಾ ಬಿಡುತ್ತಿರುತ್ತದೆ. ನೀವು ಹಿಕ್ಕೆ ಎಲ್ಲ ತೆಗೆದರೂ ಇದು ನಿಲ್ಲುವುದಿಲ್ಲ. ಕೊಳದಲ್ಲಿ ಇದು ಲೆಕ್ಕಕ್ಕೇ ಬಾರದು. 8 ಲೀಟರ್‌ನಲ್ಲಿ ಎರಡು ಮೀನು ಅಂದರೆ ಒಂದೂವರೆ ದಿನದಲ್ಲೇ ಕಿವಿರು ಸುಡುವ ಮಟ್ಟಕ್ಕೆ ಬರಬಹುದು.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಬೋರ್ ನೀರಿನ ಊರುಗಳವರು ಗಮನಿಸಬೇಕು. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಒಂದು ಹೆಚ್ಚು ಕಮ್ಮಿ ನಿರಪಾಯ, ಇನ್ನೊಂದು ವಿಷ. ಯಾವುದು ಎಷ್ಟು ಅನ್ನುವುದನ್ನು ನೀರಿನ ಪಿಎಚ್, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ, ತೀರ್ಮಾನಿಸುತ್ತದೆ. ಪಿಎಚ್ 7 ಇದ್ದಾಗ ಇರುವ ವಿಷದ ಪಾಲು, 8 ಆದಾಗ ಸುಮಾರು 10 ಪಟ್ಟು ಜಾಸ್ತಿ. ನೀರು ಬೆಚ್ಚಗಾದಷ್ಟೂ ಇನ್ನೂ ಹೆಚ್ಚು. ನಮ್ಮ ಬಯಲುಸೀಮೆಯ ಗಡಸು ಬೋರ್ ನೀರಿನ ಪಿಎಚ್ ಗಾಳಿ ತಾಗಿದ ಮೇಲೆ 8ರ ಆಸುಪಾಸಿಗೆ ಬರುವುದು ಸಾಮಾನ್ಯ. ಹಾಗಾಗಿ ಇಲ್ಲಿ ಸ್ವಲ್ಪ ಅಮೋನಿಯಾ ಕೂಡ ದೊಡ್ಡ ಹೊಡೆತ ಕೊಡುತ್ತದೆ. ಗಡಸುತನದಿಂದಲೇ ಗೋಲ್ಡ್ ಫಿಶ್‌ಗೆ ತೊಂದರೆ ಇಲ್ಲ, ಅದಕ್ಕೆ ಗಡಸು ನೀರು ಒಗ್ಗುತ್ತದೆ. ಅದಕ್ಕೆಂದು ಆರ್‌ಒ ನೀರು ತುಂಬಬೇಡಿ. ಅದರಲ್ಲಿ ಲವಣಾಂಶವೇ ಇರುವುದಿಲ್ಲ, ಪಿಎಚ್ ಕೂಡ ಒಂದು ಕಡೆ ನಿಲ್ಲುವುದಿಲ್ಲ.

ಇನ್ನು ನಿಮ್ಮ ಮನೆಯ ಮೂರು ದಿನದ ಚಕ್ರವನ್ನು ಮೀನಿನ ಕಡೆಯಿಂದ ನೋಡಿ. ಮೊದಲ ದಿನ, ಆಗ ತಾನೇ ಎತ್ತಿದ ಬೋರ್ ನೀರು. ಅದರಲ್ಲಿ ಆಮ್ಲಜನಕ ತೀರಾ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ನಲ್ಲಿ ನೀರಾದರೆ ಕ್ಲೋರಿನ್ ಇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುವುದು ನಮ್ಮ ದೇಶದ ಮಾನದಂಡ. ನಮಗೆ ಅದು ರಕ್ಷಣೆ, ಮೀನಿನ ಕಿವಿರಿಗೆ ಅದೇ ಗಾಯ. ಜೊತೆಗೆ ತಾಪಮಾನ, ಪಿಎಚ್ ಒಂದೇ ಏಟಿಗೆ ಬದಲು. ಗಾಜಿಗೆ ಅಂಟಿದ ಸೋಪಿನ ಅಂಶ ಬೇರೆ. ಇದನ್ನೆಲ್ಲ ಸಹಿಸಿಕೊಂಡು ಸುಧಾರಿಸುವಷ್ಟರಲ್ಲಿ ಎರಡನೇ ದಿನ ಅಮೋನಿಯಾ ಏರುತ್ತದೆ. ಮೂರನೇ ದಿನ ಇನ್ನೂ ಜಾಸ್ತಿ. ಆಮೇಲೆ ಮತ್ತೆ ಹೊಸ ನೀರು. ಸುಟ್ಟ ಕಿವಿರಿನಿಂದ ಮೀನಿಗೆ ಉಸಿರು ಸಾಲುವುದಿಲ್ಲ. ಬೆಳಿಗ್ಗೆ ಮೇಲೆ ಬಂದು ಬಾಯಿ ತೆಗೆಯುವುದು ಅದಕ್ಕೇ. ಹಸಿವೆ ಅಂದುಕೊಂಡು ಆಗ ಊಟ ಹಾಕುವವರು ತುಂಬಾ ಜನ. ಉಸಿರುಗಟ್ಟಿದ ಮೀನು ಆಹಾರ ತಿಂದರೆ ಅದಕ್ಕೆ ಇನ್ನೂ ಜಾಸ್ತಿ ಆಮ್ಲಜನಕ ಬೇಕಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಹಾಗಾದರೆ ಕೆರೆ, ಕೊಳಗಳಲ್ಲಿ ನೀರು ಯಾರು ಬದಲಿಸುತ್ತಾರೆ? ಅಲ್ಲಿ ಆ ಕೆಲಸಕ್ಕೆ ಬ್ಯಾಕ್ಟೀರಿಯಾಗಳಿವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇದೂ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಸ್ವಲ್ಪ ಇದ್ದರೆ ಮೀನಿಗೆ ತೊಂದರೆ ಇಲ್ಲ, ಗಿಡಗಳು ಹೀರಿಕೊಳ್ಳುತ್ತವೆ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡುವುದು ಕಡಿಮೆ. ಕಲ್ಲು, ಗಾಜು, ಸ್ಪಂಜು, ಎಲ್ಲಿ ಅಂಟಿಕೊಳ್ಳಲು ಜಾಗವಿದೆಯೋ, ಆಮ್ಲಜನಕ ಹರಿಯುತ್ತದೆಯೋ ಅಲ್ಲಿ ಬೆಳೆಯುತ್ತವೆ. ಫಿಲ್ಟರ್‌ನ ನಿಜವಾದ ಕೆಲಸ ಇವಕ್ಕೆ ಮನೆ ಕೊಡುವುದು. ಕಸ ಹಿಡಿಯುವುದು ಅದರ ಎರಡನೇ ಕೆಲಸ. ನೀವು ಬೌಲ್ ಅನ್ನು ಸೋಪಿನಿಂದ ತಿಕ್ಕಿದಾಗ ಆಗಷ್ಟೇ ಹುಟ್ಟುತ್ತಿದ್ದ ಈ ಬ್ಯಾಕ್ಟೀರಿಯಾಗಳೂ ಹೋದವು.

ಹೊಸ ಟ್ಯಾಂಕ್‌ನಲ್ಲಿ ಇವು ಪೂರ್ತಿ ಬೆಳೆದು ಕೂರಲು ನಾಲ್ಕರಿಂದ ಆರು ವಾರ ಬೇಕು. ನಿಮ್ಮ ಮೀನುಗಳು ಮೂರು ವಾರದೊಳಗೆ ಹೋದವು ಅಂದಿರಿ. ಹೊಸ ಅಕ್ವೇರಿಯಂ ಇಟ್ಟವರ ಮನೆಗಳಲ್ಲಿ ಮೀನು ಸಾಯುವುದು ಬಹುತೇಕ ಈ ಅವಧಿಯಲ್ಲೇ. ಇದನ್ನು ಬೇಗ ಮುಗಿಸುವ ದಾರಿಯೂ ಇದೆ. ಪರಿಚಯದವರ ಮನೆಯಲ್ಲಿ ವರ್ಷದಿಂದ ಚೆನ್ನಾಗಿ ನಡೆಯುತ್ತಿರುವ, ರೋಗವಿಲ್ಲದ ಟ್ಯಾಂಕ್ ಇದ್ದರೆ, ಅದರ ಫಿಲ್ಟರ್‌ನಿಂದ ಒಂದು ತುಂಡು ಸ್ಪಂಜು ಕೇಳಿ ತಂದು ನಿಮ್ಮ ಫಿಲ್ಟರ್‌ಗೆ ಸೇರಿಸಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅದು ದಾರಿಯಲ್ಲಿ ಒಣಗಬಾರದು, ಆ ಟ್ಯಾಂಕ್‌ನ ನೀರಿನಲ್ಲೇ ಮುಳುಗಿಸಿ ತನ್ನಿ. ಅಂಗಡಿಯಲ್ಲಿ ಬ್ಯಾಕ್ಟೀರಿಯಾ ಬಾಟಲಿ ಸಿಗುತ್ತದೆ. ಕೆಲವು ಕೆಲಸ ಮಾಡುತ್ತವೆ, ಬಿಸಿಲಲ್ಲಿ ಕೂತು ಹಳೆಯದಾದವು ಮಾಡುವುದಿಲ್ಲ. ಅದನ್ನೊಂದೇ ನಂಬಿ ಕೂರಬೇಡಿ.

ನಿಮ್ಮ ಟಬ್‌ನಲ್ಲಿ ಮೀನು ಆಗಲೇ ಇರುವುದರಿಂದ ಮುಂದಿನ ಒಂದು ತಿಂಗಳು ಹೀಗೆ ಮಾಡಿ. ಪ್ರತಿದಿನ, ತಪ್ಪಿದರೆ ಎರಡು ದಿನಕ್ಕೊಮ್ಮೆ, ಕಾಲು ಭಾಗ ನೀರು ಮಾತ್ರ ತೆಗೆದು ಅಷ್ಟೇ ಹೊಸ ನೀರು ಸೇರಿಸಿ. ಹೊಸ ನೀರು ಹಿಂದಿನ ದಿನವೇ ಬಕೆಟ್‌ನಲ್ಲಿ ತುಂಬಿಟ್ಟದ್ದಾಗಿರಲಿ. ಸಾಧ್ಯವಾದರೆ ಅದರಲ್ಲಿ ಗುಳ್ಳೆ ಬರಿಸಿ. ಕ್ಲೋರಿನ್ ಹಾರಿಹೋಗುತ್ತದೆ, ಬೋರ್ ನೀರಿಗೆ ಆಮ್ಲಜನಕ ಸೇರುತ್ತದೆ, ನೀರು ಕೋಣೆಯ ತಾಪಮಾನಕ್ಕೆ ಬರುತ್ತದೆ. ಅವಸರದಲ್ಲಿ ನಲ್ಲಿ ನೀರು ಬಳಸಲೇಬೇಕು ಅಂದರೆ ಅಂಗಡಿಯಲ್ಲಿ ಆ್ಯಂಟಿ ಕ್ಲೋರಿನ್ ಅಂತ ಸಿಗುವ ಸೋಡಿಯಂ ಥಯೋಸಲ್ಫೇಟ್ ಹರಳು ಇದೆ. 100 ಲೀಟರಿಗೆ 1 ಗ್ರಾಂ ಸಾಕು. ಊಟ ಎರಡು ದಿನಕ್ಕೊಮ್ಮೆ, ನಾಲ್ಕೈದು ಕಾಳು. ಉಪ್ಪಿನ ಲೆಕ್ಕ ಮರೆಯಬೇಡಿ. ನೀರು ಆವಿಯಾದರೆ ಉಪ್ಪು ಆವಿಯಾಗುವುದಿಲ್ಲ. ಎಷ್ಟು ಲೀಟರ್ ತೆಗೆದು ಹೊಸದು ಹಾಕಿದಿರೋ ಅಷ್ಟಕ್ಕೆ ಮಾತ್ರ ಉಪ್ಪು ಸೇರಿಸಿ. ಈ ಉಪ್ಪು ಏಕೆಂದರೆ, ಎರಡನೇ ವಾರದಲ್ಲಿ ನೈಟ್ರೈಟ್ ಏರುತ್ತದೆ. ಅದು ಕಿವಿರಿನ ಮೂಲಕ ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕ ಹೊರಲಾರದೆ ಕಂದು ಬಣ್ಣಕ್ಕೆ ತಿರುಗುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಅದನ್ನು ಒಳಗೆ ಹೋಗದಂತೆ ತಡೆಯುತ್ತದೆ. ತಿಂಗಳಾದ ಮೇಲೆ ಉಪ್ಪು ಬೇಡ. ಸದಾ ಉಪ್ಪು ಹಾಕುತ್ತಿರಿ ಎಂಬ ಸಲಹೆ ನನಗೆ ಒಪ್ಪಿಗೆ ಇಲ್ಲ.

ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಒಂದನ್ನು ಕೊಳ್ಳಿ. ಅಲಂಕಾರದ ಗೊಂಬೆ, ಬಣ್ಣದ ಕಲ್ಲು, ಎಲ್‌ಇಡಿ ಬೆಳಕು ಎಲ್ಲಕ್ಕಿಂತ ಮೊದಲು ಇದಕ್ಕೆ ದುಡ್ಡು ಹಾಕಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ಒಳಗೆ ಬಂದರೆ ಟ್ಯಾಂಕ್ ಕೂತಿತು ಅಂತ ಅರ್ಥ. ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ನಿಮ್ಮ ಈಗಿನ ಶ್ರಮದ ಅರ್ಧವೂ ಇಲ್ಲ. ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ತೊಳೆಯಬೇಡಿ. ಟ್ಯಾಂಕ್‌ನಿಂದ ತೆಗೆದ ಹಳೆಯ ನೀರಿನಲ್ಲೇ ನಾಲ್ಕು ಬಾರಿ ಹಿಂಡಿ ಮತ್ತೆ ಇಡಿ. ಕಂದು ಬಣ್ಣ ಪೂರ್ತಿ ಹೋಗದಿದ್ದರೆ ಒಳ್ಳೆಯದೇ.

ಬೌಲ್ ವಿಷಯಕ್ಕೆ ಬಂದರೆ, ಅದನ್ನು ಮಗಳ ಪೆನ್ಸಿಲ್ ಇಡಲು ಕೊಡಿ, ಇಲ್ಲವೇ ಮನಿಪ್ಲಾಂಟ್ ಬೆಳೆಸಿ. ಬಾಯಿ ಕಿರಿದಾದ ಬೌಲ್‌ನಲ್ಲಿ ನೀರಿಗೆ ಗಾಳಿ ತಾಗುವ ಜಾಗ ಕಡಿಮೆ. ಆಮ್ಲಜನಕ ನೀರಿಗೆ ಸೇರುವುದು ಮೇಲ್ಮೈಯಿಂದ. ಗುಳ್ಳೆಗಳು ಕೂಡ ತಾವೇ ಆಮ್ಲಜನಕ ತುಂಬುವುದಕ್ಕಿಂತ ಹೆಚ್ಚಾಗಿ ಮೇಲ್ಮೈಯನ್ನು ಕಲಕಿ ಆ ಕೆಲಸ ಮಾಡುತ್ತವೆ. ಆದ್ದರಿಂದ ಎತ್ತರದ ಟ್ಯಾಂಕ್‌ಗಿಂತ ಉದ್ದನೆಯ, ಅಗಲವಾದ ಟ್ಯಾಂಕ್ ಒಳ್ಳೆಯದು. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್‌ಗೆ ಸುಮಾರು 54 ಲೀಟರ್ ಹಿಡಿಯುತ್ತದೆ. ಒಂದು ಗೋಲ್ಡ್ ಫಿಶ್‌ಗೆ ಇದು ಕನಿಷ್ಠ. ಎರಡು, ಮೂರು ಬೇಕೆಂದರೆ ಮೂರಡಿ ಟ್ಯಾಂಕ್‌ಗೆ ಹೋಗಿ. ಅದರಲ್ಲಿ 130 ಲೀಟರ್ ನೀರು, ಗಾಜು ಸೇರಿ 160 ಕೆಜಿ ದಾಟುತ್ತದೆ. ಟೀವಿ ಟೇಬಲ್ ಅದನ್ನು ತಡೆಯುವುದಿಲ್ಲ. ಗಟ್ಟಿ ಕಬ್ಬಿಣದ ಸ್ಟ್ಯಾಂಡ್ ಇರಲಿ, ಕೆಳಗೆ ಥರ್ಮಕೋಲ್ ಹಾಳೆ ಹಾಸಿ. ಕಿಟಕಿ ಬಿಸಿಲು ನೇರ ಬೀಳದ ಕಡೆ ಇಡಿ.

ಇಷ್ಟು ದೊಡ್ಡದು ಏಕೆ ಅಂತ ಅನ್ನಿಸಬಹುದು. ನಿಮ್ಮ ಮೂರಿಂಚಿನ ಮೀನು ಇನ್ನೂ ಬೆಳೆಯಬೇಕಾದ ಮೀನು. ಒರಾಂಡಾ, ರೆಡ್ ಕ್ಯಾಪ್, ಬ್ಲಾಕ್ ಮೂರ್ ಇಂಥ ದುಂಡು ಮೈಯವು ಆರೇಳು ಇಂಚು ಆಗುತ್ತವೆ. ಉದ್ದ ಮೈಯ ಸಾಮಾನ್ಯ ಗೋಲ್ಡ್ ಫಿಶ್ ಒಂದಡಿ ಹತ್ತಿರ ಹೋಗುತ್ತದೆ. ಚೆನ್ನಾಗಿ ನೋಡಿಕೊಂಡರೆ 10–15 ವರ್ಷ ಬದುಕುತ್ತವೆ. ಇಂಗ್ಲೆಂಡ್‌ನಲ್ಲಿ 1956ರಲ್ಲಿ ಜಾತ್ರೆಯಲ್ಲಿ ಬಹುಮಾನವಾಗಿ ಸಿಕ್ಕ ಟಿಶ್ ಎಂಬ ಗೋಲ್ಡ್ ಫಿಶ್ 1999ರವರೆಗೆ, 43 ವರ್ಷ ಬದುಕಿ ಗಿನ್ನೆಸ್ ದಾಖಲೆಗೆ ಸೇರಿತ್ತು. ನಿಮ್ಮ ಮಗಳು ಕಾಲೇಜು ಮುಗಿಸುವವರೆಗೂ ಈ ಮೀನು ಇರಬಹುದು. ಮೂರು ವಾರ, ಮೂರು ತಿಂಗಳು ಇದರ ಆಯಸ್ಸಲ್ಲ ಅನ್ನುವುದು ಎಲ್ಲರಿಗೂ ಗೊತ್ತಾಗಬೇಕು. ಗೋಲ್ಡ್ ಫಿಶ್ ಅಂದರೆ ಬೇಗ ಸಾಯುವ ಮೀನು ಅಂತ ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಅದು ನನಗೆ ನಿಜಕ್ಕೂ ಬೇಸರದ ಸಂಗತಿ.

ಈಗ ಬಿಳಿ ಚುಕ್ಕೆ. ಇದನ್ನು ನಿಧಾನವಾಗಿ ನೋಡಬೇಕು. ಮೊಬೈಲ್ ಟಾರ್ಚ್ ಅನ್ನು ಪಕ್ಕದಿಂದ ಹಿಡಿದು ನೋಡಿ. ಚುಕ್ಕೆಗಳು ಕಿವಿರಿನ ಮುಚ್ಚಳದ ಮೇಲೆ ಮತ್ತು ಮುಂದಿನ ಎರಡು ರೆಕ್ಕೆಗಳ ಮೊದಲ ದಪ್ಪ ಕಡ್ಡಿಯ ಮೇಲೆ ಮಾತ್ರ ಇವೆಯಾ? ಸಾಲಾಗಿ, ಎರಡೂ ಪಕ್ಕ ಒಂದೇ ರೀತಿ ಇವೆಯಾ? ಬಾಲ, ಬೆನ್ನು, ಹೊಟ್ಟೆ ಎಲ್ಲ ಶುಚಿಯಾಗಿದೆಯಾ? ಹಾಗಿದ್ದರೆ ಅದು ರೋಗವೇ ಅಲ್ಲ. ಬಲಿತ ಗಂಡು ಗೋಲ್ಡ್ ಫಿಶ್‌ಗೆ ಮರಿ ಮಾಡುವ ಕಾಲದಲ್ಲಿ ಹೀಗೆ ಸಣ್ಣ ಗಟ್ಟಿ ಗುಳ್ಳೆಗಳು ಏಳುತ್ತವೆ, ಆಮೇಲೆ ತಾವೇ ಹೋಗುತ್ತವೆ. ನೀವು ಬರೆದ ವಿವರ ಇದಕ್ಕೇ ಹೊಂದುತ್ತದೆ. ನಿಮ್ಮದು ಗಂಡು ಮೀನು ಇರಬೇಕು. ಹಾಗಾಗಿ ನೀಲಿ ಔಷಧಿ ಹಾಕಬೇಡಿ. ಆ ನೀಲಿ ಬಹುಶಃ ಮೆಥಿಲೀನ್ ಬ್ಲೂ. ಮೊಟ್ಟೆಗಳಿಗೆ ಬೂಷ್ಟು ಬರದಂತೆ ತಡೆಯಲು, ಬೇರೆ ಟಬ್‌ನಲ್ಲಿ ಚಿಕಿತ್ಸೆ ಕೊಡಲು ಒಳ್ಳೆಯ ವಸ್ತುವೇ. ಆದರೆ ಫಿಲ್ಟರ್ ಇರುವ ಟ್ಯಾಂಕ್‌ಗೆ ಹಾಕಿದರೆ ನಾವು ಕಷ್ಟಪಟ್ಟು ಬೆಳೆಸಿದ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ.

ನಿಜವಾದ ಬಿಳಿ ಚುಕ್ಕೆ ರೋಗ ಬೇರೆ. ಅಂಗಡಿಗಳಲ್ಲಿ ಇಚ್ ಅಂತಾರೆ. ಚುಕ್ಕೆಗಳು ಮೈ, ಬಾಲ, ರೆಕ್ಕೆ ಎಲ್ಲೆಂದರಲ್ಲಿ ಅಡ್ಡಾದಿಡ್ಡಿ ಬರುತ್ತವೆ. ದಿನದಿಂದ ದಿನಕ್ಕೆ ಹೆಚ್ಚುತ್ತವೆ. ಮೀನು ರೆಕ್ಕೆ ಮಡಚಿಕೊಂಡು, ಕಲ್ಲಿಗೆ ಮೈ ಉಜ್ಜುತ್ತದೆ. ಅದು ಪರಾವಲಂಬಿ ಜೀವಿ. ಚರ್ಮದೊಳಗೆ ಬೆಳೆದು, ಉದುರಿ ತಳಕ್ಕೆ ಬಿದ್ದು, ಅಲ್ಲಿ ಒಡೆದು ನೂರಾರು ಮರಿಗಳಾಗಿ ಮತ್ತೆ ಮೀನನ್ನು ಹುಡುಕುತ್ತದೆ. ಚರ್ಮದೊಳಗೆ ಇರುವಾಗ ಯಾವ ಔಷಧಿಯೂ ಅದಕ್ಕೆ ತಾಗುವುದಿಲ್ಲ. ಈಜಾಡುವ ಮರಿಗಳನ್ನಷ್ಟೇ ಕೊಲ್ಲಬಹುದು. ಅದಕ್ಕೇ ಚುಕ್ಕೆ ಮಾಯವಾದ ಕೂಡಲೇ ಔಷಧಿ ನಿಲ್ಲಿಸಿದವರ ಮನೆಯಲ್ಲಿ ವಾರ ಬಿಟ್ಟು ಮತ್ತೆ ಬರುತ್ತದೆ. ಗೋಲ್ಡ್ ಫಿಶ್‌ಗೆ ಆದರೆ ನಾನು ಹೇಳುವುದು ಉಪ್ಪು. ಲೀಟರಿಗೆ 3 ಗ್ರಾಂ ಆಗುವಂತೆ, ಒಂದೂವರೆ ದಿನದಲ್ಲಿ ಮೂರು ಪಾಲು ಮಾಡಿ ಹಾಕಿ. ಗಾಳಿ ಜಾಸ್ತಿ ಕೊಡಿ. 10ರಿಂದ 14 ದಿನ ಬಿಡಬೇಡಿ. ಟ್ಯಾಂಕ್‌ನಲ್ಲಿ ಗಿಡಗಳಿದ್ದರೆ ಮೊದಲು ತೆಗೆಯಿರಿ, ಇಷ್ಟು ಉಪ್ಪು ಅವು ತಡೆಯಲಾರವು.

ಮೈಯಿಂದ ದಾರದ ತುಂಡಿನಂತೆ ಏನೋ ನೇತಾಡುತ್ತಿದ್ದು, ಅದರ ಬುಡ ಕೆಂಪಾಗಿದ್ದರೆ ಅದು ಆ್ಯಂಕರ್ ವರ್ಮ್ ಎಂಬ ಇನ್ನೊಂದು ಪರಾವಲಂಬಿ. ಗೋಲ್ಡ್ ಫಿಶ್, ಕೋಯಿಗಳಲ್ಲಿ ಮಾಮೂಲು. ಒದ್ದೆ ಬಟ್ಟೆಯಲ್ಲಿ ಮೀನನ್ನು ಹಿಡಿದು, ಚಿಮುಟದಿಂದ ಬುಡಕ್ಕೇ ಹಿಡಿದು ಎಳೆಯಬೇಕು. ಮೈ ಉಬ್ಬಿ ಹುರುಪೆಗಳೆಲ್ಲ ಎದ್ದು ನಿಂತರೆ ಮಾತ್ರ ಆಸೆ ಕಡಿಮೆ. ಆಗ ಒಳಗಿನ ಅಂಗಗಳಿಗೆ ಪೆಟ್ಟು ಬಿದ್ದಿರುತ್ತದೆ. ಅಂಥ ಹೊತ್ತಲ್ಲಿ ಮನುಷ್ಯರ ಆ್ಯಂಟಿಬಯಾಟಿಕ್ ಕ್ಯಾಪ್ಸೂಲ್ ಒಡೆದು ಟ್ಯಾಂಕ್‌ಗೆ ಸುರಿಯುವ ಅಭ್ಯಾಸ ಇದೆ. ಅದರಿಂದ ಮೀನೂ ಉಳಿಯುವುದಿಲ್ಲ, ಫಿಲ್ಟರ್ ಕೂಡ ಹಾಳಾಗುತ್ತದೆ.

ಸಕ್ಕರ್ ಮೀನು ತರಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಅದು ಗಾಜಿನ ಪಾಚಿ ಕೆರೆಯುತ್ತದೆ ನಿಜ, ಆದರೆ ಹಿಕ್ಕೆ ತಿನ್ನುವುದಿಲ್ಲ. ತಾನೇ ರಾಶಿ ಹಿಕ್ಕೆ ಹಾಕುತ್ತದೆ. ಎರಡಿಂಚಿನದು ಒಂದಡಿ ದಾಟಿ ಬೆಳೆಯುತ್ತದೆ. ರಾತ್ರಿ ಹೊತ್ತು ನಿಧಾನಕ್ಕೆ ಈಜುವ ಗೋಲ್ಡ್ ಫಿಶ್‌ನ ಮೈಗೆ ಅಂಟಿಕೊಂಡು ಲೋಳೆ ಹೀರುತ್ತದೆ, ಗಾಯವಾಗುತ್ತದೆ. ದೊಡ್ಡದಾದ ಮೇಲೆ ಇಡಲಾಗದೆ ಜನ ಕೆರೆಗೆ ಬಿಡುತ್ತಾರೆ. ದಕ್ಷಿಣ ಅಮೆರಿಕದ ಈ ಮೀನು ಇವತ್ತು ದಕ್ಷಿಣ ಭಾರತದ ಎಷ್ಟೋ ಕೆರೆ, ಹೊಳೆಗಳಲ್ಲಿ ತುಂಬಿಕೊಂಡಿದೆ. ಬಲೆ ಹರಿಯುತ್ತದೆ, ದಂಡೆ ಕೊರೆಯುತ್ತದೆ, ನಮ್ಮ ಮೀನುಗಳ ಜಾಗ ಕಸಿಯುತ್ತದೆ. ಗೋಲ್ಡ್ ಫಿಶ್ ಆದರೂ ಅಷ್ಟೇ, ಸಾಕಲಾಗದಿದ್ದರೆ ಅಂಗಡಿಗೆ ವಾಪಸ್ ಕೊಡಿ, ಪರಿಚಯದವರಿಗೆ ಕೊಡಿ. ಕೆರೆಗೆ, ಬಾವಿಗೆ ಬಿಡಬೇಡಿ.

ಇನ್ನೊಂದು ಮೀನು ತರುವ ಆಸೆ ಮಗಳಿಗೆ ಇದ್ದೇ ಇರುತ್ತದೆ ಅಲ್ವಾ? ತನ್ನಿ, ಆದರೆ ಟೆಸ್ಟ್ ಕಿಟ್ ಸೊನ್ನೆ ತೋರಿಸಿ ಎರಡು ವಾರ ಆದ ಮೇಲೆ. ನಮ್ಮ ಊರುಗಳ ಅಂಗಡಿಗಳಿಗೆ ಬರುವ ಬಣ್ಣದ ಮೀನುಗಳಲ್ಲಿ ಬಹಳಷ್ಟು ಚೆನ್ನೈನ ಕೊಳತ್ತೂರಿನಿಂದ, ಕೆಲವು ಕೋಲ್ಕತ್ತಾದಿಂದ ಬರುತ್ತವೆ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬಂದು, ಹೊಸ ನೀರು, ಹೊಸ ಗುಂಪು, ಆಮೇಲೆ ನಿಮ್ಮ ಮನೆ. ಅಂಗಡಿಗೆ ಬಂದ ದಿನವೇ ಕೊಳ್ಳಬೇಡಿ. ಯಾವತ್ತು ಬಂತು ಅಂತ ಕೇಳಿ, ವಾರ ಕಳೆದಿದ್ದರೆ ಒಳ್ಳೆಯದು. ಆ ತೊಟ್ಟಿಯಲ್ಲಿ ಒಂದು ಸತ್ತ ಮೀನಿದ್ದರೂ ಬೇರೆ ತೊಟ್ಟಿ ನೋಡಿ. ರೆಕ್ಕೆ ಬಿಚ್ಚಿಕೊಂಡು, ತಳ ಹುಡುಕುತ್ತಾ ಓಡಾಡುತ್ತಿರುವ ಮೀನು ಆರಿಸಿ. ಮನೆಗೆ ತಂದ ಮೇಲೆ ಎರಡು ವಾರವಾದರೂ ಬೇರೆ ಟಬ್‌ನಲ್ಲಿ ಇಟ್ಟು ನೋಡಿ, ಆಮೇಲೆ ಸೇರಿಸಿ. ಏಂಜಲ್, ಟೆಟ್ರಾ, ಟೈಗರ್ ಬಾರ್ಬ್ ಜೊತೆಗೆ ಬೇಡ. ಅವಕ್ಕೆ ಬೆಚ್ಚನೆ ನೀರು ಬೇಕು, ಕೆಲವು ಗೋಲ್ಡ್ ಫಿಶ್‌ನ ಬಾಲ ಕಚ್ಚುತ್ತವೆ. ಗೋಲ್ಡ್ ಫಿಶ್ ಜೊತೆಗೆ ಗೋಲ್ಡ್ ಫಿಶ್ ಮಾತ್ರ.

ಗೋಲ್ಡ್ ಫಿಶ್ ತಂಪು ನೀರಿನ ಮೀನು. 18ರಿಂದ 24 ಡಿಗ್ರಿ ಅದಕ್ಕೆ ಹಿತ. ಹೀಟರ್ ಬೇಡವೇ ಬೇಡ. ಹುಬ್ಬಳ್ಳಿಯ ಏಪ್ರಿಲ್‌ನಲ್ಲಿ ನೀರು 30ರ ಹತ್ತಿರ ಹೋಗಬಹುದು. 20 ಡಿಗ್ರಿಯಲ್ಲಿ ಲೀಟರ್ ನೀರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30ರಲ್ಲಿ ಏಳೂವರೆ ಮಾತ್ರ. ಅದೇ ಹೊತ್ತಲ್ಲಿ ಮೀನಿಗೆ ಬೇಕಾಗುವುದು ಜಾಸ್ತಿ. ಬೇಸಿಗೆಯಲ್ಲಿ ಟ್ಯಾಂಕ್ ಮುಚ್ಚಳದ ಜಾಗಕ್ಕೆ ಬಲೆ ಹಾಕಿ, ಸಣ್ಣ ಟೇಬಲ್ ಫ್ಯಾನ್ ಗಾಳಿ ನೀರಿನ ಮೇಲೆ ಬೀಸುವಂತೆ ಇಡಿ. ಎರಡು ಮೂರು ಡಿಗ್ರಿ ಇಳಿಯುತ್ತದೆ. ಐಸ್ ತುಂಡು ಹಾಕುವುದು ಬೇಡ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರು ಇದನ್ನು ಓದುತ್ತಿದ್ದರೆ ನನ್ನ ಸಲಹೆ ಬೇರೆಯೇ. ನಿಮ್ಮ ಬಿಸಿಲಿಗೂ ಗಡಸು ನೀರಿಗೂ ಗಪ್ಪಿ, ಮೋಲಿ, ಪ್ಲಾಟಿಗಳು ಗೋಲ್ಡ್ ಫಿಶ್‌ಗಿಂತ ಚೆನ್ನಾಗಿ ಒಗ್ಗುತ್ತವೆ. ಗಡಸು ನೀರೇ ಅವಕ್ಕೆ ಇಷ್ಟ. ಬೆಚ್ಚಗೆ 26–28 ಇದ್ದರೆ ಖುಷಿಯಾಗಿರುತ್ತವೆ, ಮರಿಯನ್ನೇ ಹಾಕುತ್ತವೆ, ಮಕ್ಕಳಿಗೆ ನೋಡಲು ಚೆಂದ.

ಕರೆಂಟ್ ಹೋದಾಗ ಬಳಸಲು ಬ್ಯಾಟರಿಯ ಏರ್ ಪಂಪ್ ಒಂದು ಇರಲಿ. ಸಾಮಾನ್ಯ ಏರ್ ಪಂಪ್ 4 ವ್ಯಾಟ್ ಇದ್ದರೆ ದಿನದ 24 ಗಂಟೆ ಓಡಿಸಿದರೂ ತಿಂಗಳಿಗೆ 3 ಯೂನಿಟ್ ಬರುವುದಿಲ್ಲ. ಸದ್ದು ಅಂತ ರಾತ್ರಿ ಆರಿಸುವವರು ದಯವಿಟ್ಟು ನಿಲ್ಲಿಸಿ. ಫಿಲ್ಟರ್‌ನ ಬ್ಯಾಕ್ಟೀರಿಯಾಗಳಿಗೂ ಉಸಿರು ಬೇಕು.

ಹೆಚ್ಚಿನವರಿಗೆ ಹೊಳೆಯದ ಒಂದು ಮಾತು. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತಳ್ಳುತ್ತದೆ. ಅದೇ ಕೋಣೆಯಲ್ಲಿ ಸೊಳ್ಳೆ ಬತ್ತಿ, ಪ್ಲಗ್‌ಗೆ ಹಾಕುವ ಸೊಳ್ಳೆ ಔಷಧಿ, ಜಿರಳೆ ಸ್ಪ್ರೇ ಬಳಸಿದರೆ ಅದೂ ನೀರಿಗೆ ಹೋಗುತ್ತದೆ. ಇವುಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ನಮಗೆ ಅಷ್ಟಾಗಿ ತಟ್ಟುವುದಿಲ್ಲ, ಮೀನಿಗೆ ತುಂಬಾ ಕಡಿಮೆ ಪ್ರಮಾಣದಲ್ಲೂ ಮಾರಕ. ಟ್ಯಾಂಕ್ ಇರುವ ಕೋಣೆಯಲ್ಲಿ ಇವು ಬೇಡ, ಸೊಳ್ಳೆ ಪರದೆ ಕಟ್ಟಿ. ಪೆಸ್ಟ್ ಕಂಟ್ರೋಲ್ ಮಾಡಿಸುವ ದಿನ, ಗೋಡೆಗೆ ಬಣ್ಣ ಹೊಡೆಸುವ ದಿನ ಮೀನನ್ನು ಬೇರೆ ಮನೆಗೆ ಸಾಗಿಸಿ.

ಊಟದ ಬಗ್ಗೆ ಮಗಳನ್ನು ಕೂರಿಸಿಕೊಂಡು ತೋರಿಸಿಕೊಡಿ. ಟ್ಯಾಂಕ್ ಕೂತ ಮೇಲೆ ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಒಣ ಕಾಳನ್ನು ಐದು ನಿಮಿಷ ನೀರಲ್ಲಿ ನೆನೆಸಿ ಹಾಕಿ. ದುಂಡು ಮೈಯ ಮೀನುಗಳು ತೇಲುವ ಆಹಾರ ಗುಟುಕರಿಸುವಾಗ ಗಾಳಿ ನುಂಗಿ ತಲೆಕೆಳಗಾಗುವುದುಂಟು. ಅವಕ್ಕೆ ಮುಳುಗುವ ಕಾಳು ಕೊಡಿ. ವಾರಕ್ಕೊಮ್ಮೆ ಹಸಿ ಬಟಾಣಿ ಬೇಯಿಸಿ, ಸಿಪ್ಪೆ ಸುಲಿದು, ಉಗುರಿನಷ್ಟು ಹಿಚುಕಿ ಕೊಟ್ಟರೆ ಹೊಟ್ಟೆ ಸಲೀಸು. ಬ್ರೆಡ್, ಬಿಸ್ಕತ್ತು, ಅನ್ನ ಬೇಡ. ಗೋಲ್ಡ್ ಫಿಶ್ ನಿಮ್ಮನ್ನು ಗುರುತಿಸಿ, ಗಾಜಿನ ಹತ್ತಿರ ಬಂದು ಬೇಡುತ್ತಲೇ ಇರುತ್ತದೆ. ತಿಂದ ಐದೇ ನಿಮಿಷಕ್ಕೂ ಬೇಡುತ್ತದೆ. ಅದು ಅದರ ಸ್ವಭಾವ, ಹಸಿವೆ ಅಂದುಕೊಳ್ಳಬೇಡಿ.

ಊರಿಗೆ ಹೋಗುವ ಆರು ದಿನ ಊಟವೇ ಬೇಡ. ಬಲಿತ, ಆರೋಗ್ಯವಾಗಿರುವ ಗೋಲ್ಡ್ ಫಿಶ್ ಒಂದು ವಾರ ಆರಾಮಾಗಿ ಇರುತ್ತದೆ. ರಜೆಗೆ ಅಂತ ಮಾರುವ ಬಿಳಿ ಆಹಾರದ ಗಡ್ಡೆ ಹಾಕಬೇಡಿ, ಅದು ಕರಗಿ ನೀರು ಕೆಡಿಸುತ್ತದೆ. ಹೊರಡುವ ಹಿಂದಿನ ದಿನ ಕಾಲು ಭಾಗ ನೀರು ಬದಲಿಸಿ, ಫಿಲ್ಟರ್ ಓಡುತ್ತಿದೆಯೇ ನೋಡಿ. ಆದರೆ ಟ್ಯಾಂಕ್ ಕೂರುವ ಈ ಮೊದಲ ತಿಂಗಳಲ್ಲೇ ಹೋಗಬೇಕಾದರೆ ನೀರು ಬದಲಿಸುವ ಕೆಲಸ ತಪ್ಪಬಾರದು. ಪಕ್ಕದ ಮನೆಯವರಿಗೆ ಬಕೆಟ್ ನೀರು ತುಂಬಿಟ್ಟು, ಎರಡು ದಿನಕ್ಕೊಮ್ಮೆ ಎಷ್ಟು ತೆಗೆದು ಎಷ್ಟು ಹಾಕಬೇಕು ಅಂತ ಗೆರೆ ಎಳೆದು ತೋರಿಸಿ. ಅಷ್ಟೂ ಬಕೆಟ್‌ಗೆ ಬೇಕಾದ ಉಪ್ಪನ್ನು ನೀವೇ ತೂಗಿ ಪೊಟ್ಟಣ ಕಟ್ಟಿಡಿ. ಆಹಾರದ ಡಬ್ಬಿ ಮಾತ್ರ ಅವರ ಕೈಗೆ ಸಿಗದ ಕಡೆ ಇಟ್ಟು ಹೋಗಿ. ಪಾಪ, ಹಸಿದಿದೆ ಅಂತ ಪ್ರೀತಿಯಿಂದಲೇ ಒಂದು ಹಿಡಿ ಹಾಕಿಬಿಡುತ್ತಾರೆ.